8085 ಸಿಮ್ಯುಲೇಟರ್‌ಗೆ ಓಎಸ್ ಸಹಾಯಕ ರುಟೀನ್ ಸೇರಿಸೋದು ಹೇಗೆ? ನನ್ನ "ಶಿವಮೊಗ್ಗ" ನಿಲ್ತಾನೇ ಇಲ್ಲ

ತುಂಗಾತೀರ · ಶನಿವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಡಿಪ್ಲೊಮಾ ಮಕ್ಕಳಿಗೆ ಮೈಕ್ರೊಪ್ರೊಸೆಸರ್ ಲ್ಯಾಬ್ ಮಾಡಿಸ್ತೇನೆ. ನಮ್ಮಲ್ಲಿ 8085 (ಇಂಟೆಲ್‌ನ ಹಳೇ ಮೈಕ್ರೊಪ್ರೊಸೆಸರ್) ಕಿಟ್ ಇರೋದು ಹನ್ನೆರಡು, ಕೀಪ್ಯಾಡ್ ಒತ್ತಿದ್ರೆ ಒತ್ತಿದ ಅಂಕಿನೇ ಬೀಳೋದು ಐದರಲ್ಲಿ. ಜೂನ್ ಬಂತು ಅಂದ್ರೆ ಥಂಡಿಗೆ ಆ ಐದರಲ್ಲೂ ಒಂದೆರಡು ಮುನಿಸಿಕೊಳ್ತವೆ. ಹಾಗಾಗಿ ಹೋದ ರಜೆಯಲ್ಲಿ ಪೈಥಾನ್‌ನಲ್ಲಿ ಒಂದು ಸಿಮ್ಯುಲೇಟರ್ ಬರೆದೆ. ಕೂಡಿಸು, ಕಳೆ, ಜಂಪ್, ಸ್ಟ್ಯಾಕ್, ಎಲ್ಲ ಓಡ್ತಿದೆ.

ಈಗಿನ ತೊಂದರೆ ಬೇರೆ. ಹುಡುಗರು ಉತ್ತರ ನೋಡ್ಬೇಕಂದ್ರೆ ಮೆಮೊರಿ ಕಿಟಕಿ ತೆರೆದು ವಿಳಾಸ ಹುಡುಕಿ ಇಣುಕಬೇಕು. ಅಕ್ಷರ ಮುದ್ರಿಸೋದು, ಕೀಲಿ ಓದೋದು, ಇಂಥ ಸಣ್ಣಪುಟ್ಟ ಓಎಸ್ ಕೆಲಸಗಳನ್ನ ಸಿಮ್ಯುಲೇಟರೇ ಮಾಡಿಕೊಡೋ ಹಾಗೆ ಇರಲಿ ಅಂತ ಸಿಪಿ/ಎಂ (8080 ಕಾಲದ ಹಳೇ ಓಎಸ್) ಪದ್ಧತಿ ಹಿಡಿದೆ: ಸಿ ರಿಜಿಸ್ಟರಲ್ಲಿ ಕೆಲಸದ ಸಂಖ್ಯೆ ಇಟ್ಟು 0005 ವಿಳಾಸಕ್ಕೆ ಕಾಲ್ ಮಾಡೋದು. 2 ಅಂದ್ರೆ ಇ ರಿಜಿಸ್ಟರಲ್ಲಿರೋ ಅಕ್ಷರ ಮುದ್ರಿಸು, 9 ಅಂದ್ರೆ ಡಿಇ ತೋರಿಸೋ ಕಡೆಯಿಂದ $ ಸಿಗೋವರೆಗೆ ಮುದ್ರಿಸು. ಪರೀಕ್ಷೆಗೆ ಬರೆದದ್ದು ಇಷ್ಟೇ, 0100ರಿಂದ ಶುರು (ವಿಳಾಸಗಳೆಲ್ಲ ಹೆಕ್ಸ್, ಅಂದ್ರೆ ಹದಿನಾರರ ಲೆಕ್ಕ):

ಎಲ್‌ಎಕ್ಸ್‌ಐ ಡಿ, ಸಂದೇಶ
ಎಂವಿಐ ಸಿ, 09
ಕಾಲ್ 0005
ಎಚ್‌ಎಲ್‌ಟಿ

ಅದರ ಕೆಳಗೆ ಊರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಕೊನೆಗೆ $. ಓಡಿಸಿದರೆ ಶಿವಮೊಗ್ಗ ಶಿವಮೊಗ್ಗ ಶಿವಮೊಗ್ಗ ಅಂತ ಪರದೆ ತುಂಬ ಹರೀತಾ ಹೋಗತ್ತೆ, ನಿಲ್ಲಿಸೋ ಎಚ್‌ಎಲ್‌ಟಿಗೆ ಬರೋದೇ ಇಲ್ಲ. ಒಳಗೆ ಹೋಗಿ ಚಹಾ ಮಾಡ್ಕೊಂಡು ಬರೋಷ್ಟರಲ್ಲಿ ಅದು ತಾನೇ ಸತ್ತು ಬಿದ್ದಿತ್ತು, ಪೈಥಾನ್ "ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್" ಅಂದಿತ್ತು. ತಮಾಷೆ ಅಂದ್ರೆ, ಮೊದಲ ಸಾಲಲ್ಲಿ ಸ್ಟ್ಯಾಕ್ ಪಾಯಿಂಟರ್‌ಗೆ ಬೆಲೆ ಕೊಟ್ಟರೆ ಸಾಯಲ್ಲ, ಬೆಳಗಿನ ತನಕ ಬೇಕಾದ್ರೂ ಕೂಗತ್ತೆ. ಎಂತ ಇದು?

ಗಡಿಬಿಡಿ · 10:02

ಸಾಗರ ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗೋದೂ ಹೀಗೇ ಮೇಡಂ. ಬಸ್ ತುಂಬೋವರೆಗೆ ನಿಲ್ಸಲ್ಲ.

ಅಡಿಕೆಮೂಟೆ · 10:15

ಒಂದು ಇನ್‌ಸ್ಟ್ರಕ್ಷನ್ ನಡೆಸೋ ಫಂಕ್ಷನ್ ಇರತ್ತಲ್ಲ, ಅದರಲ್ಲಿ 0005ನ್ನ ಎಲ್ಲಿ ಹಿಡೀತೀರಿ, ಹಿಡಿದ ಮೇಲೆ ಎಂತ ಮಾಡ್ತೀರಿ ಹೇಳಿ. ನನಗೆ ಅನುಮಾನ ಇದೆ, ಆದ್ರೆ ನೋಡದೆ ಹೇಳಲ್ಲ.

ತುಂಗಾತೀರ · 10:21

ಮೊದಲ ಸಾಲಲ್ಲೇ. ಪಿಸಿ (ಪ್ರೋಗ್ರಾಮ್ ಕೌಂಟರ್, ಮುಂದೆ ಓದಬೇಕಾದ ವಿಳಾಸ) 5 ಆಗಿದ್ರೆ ನನ್ನ ಪೈಥಾನ್ ಫಂಕ್ಷನ್ ಕರೀತೇನೆ, ಅದು ಮುದ್ರಿಸತ್ತೆ. ಆಮೇಲೆ ಎಂದಿನ ಹಾಗೆ ಪಿಸಿ ಇರೋ ಕಡೆಯ ಓಪ್‌ಕೋಡ್ (ಇನ್‌ಸ್ಟ್ರಕ್ಷನ್ನಿನ ಬೈಟ್) ಓದಿ ಮುಂದಕ್ಕೆ.

ಅಡಿಕೆಮೂಟೆ · 10:48

ಹಾಗಾದ್ರೆ ಅನುಮಾನ ನಿಜ. ಕೆಲಸ ಮಾಡಿಕೊಟ್ಟಿರಿ, ವಾಪಸ್ ಕಳಿಸಲಿಲ್ಲ.

ಮುದ್ರಿಸಿದ ಮೇಲೆ ಪಿಸಿ ಇನ್ನೂ 5ರಲ್ಲೇ ಇದೆ. ಅಲ್ಲಿ ನೀವು ಏನೂ ಇಟ್ಟಿಲ್ಲ, ಮೆಮೊರಿ ಪೂರ್ತಿ ಸೊನ್ನೆ. 8085ಕ್ಕೆ 00 ಅಂದ್ರೆ ನೋಪ್, ಸುಮ್ಮನೆ ಮುಂದೆ ಹೋಗು. 6, 7, 8 ಅಂತ ನಡ್ಕೊಂಡು 00ಎಫ್‌ಎಫ್ ದಾಟಿದ್ರೆ 0100, ನಿಮ್ಮದೇ ಪ್ರೋಗ್ರಾಮಿನ ಬಾಗಿಲು. ಮತ್ತೆ ಮೊದಲಿಂದ. ಎಚ್‌ಎಲ್‌ಟಿ ಇರೋದು ಕಾಲ್ ಆದ ಮೇಲೆ, ಅಲ್ಲಿಗೆ ಹೋಗೋ ದಾರಿ ಸ್ಟ್ಯಾಕಲ್ಲಿ ಬಿದ್ದಿದೆ, ಯಾರೂ ಎತ್ಕೊಂಡಿಲ್ಲ.

ಸಾಯೋ ಕಥೆ ಇನ್ನೂ ಚಂದ. ಪ್ರತಿ ಸುತ್ತಿಗೂ ಕಾಲ್ ಎರಡು ಬೈಟ್ ಸ್ಟ್ಯಾಕಿಗೆ ತಳ್ಳತ್ತೆ, ತೆಗೆಯೋರಿಲ್ಲ. ನಿಮ್ಮ ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್) ಸೊನ್ನೆಯಿಂದ ಶುರು ಅಂತ ಇಟ್ಕೊಂಡ್ರೆ ಮೊದಲ ತಳ್ಳು ಎಫ್‌ಎಫ್‌ಎಫ್‌ಎಫ್‌ಗೆ, ಅಲ್ಲಿಂದ ಕೆಳಗೆ ಇಳೀತಾ ಬರತ್ತೆ. 32 ಸಾವಿರ ಚಿಲ್ಲರೆ ಸಲ ಶಿವಮೊಗ್ಗ ಕೂಗಿದ ಮೇಲೆ ಸ್ಟ್ಯಾಕ್ ನಿಮ್ಮ ಸಂದೇಶದ ಬುಡಕ್ಕೆ ಬಂದು ಮುಟ್ಟತ್ತೆ. ಮೇಲಿಂದ ಇಳಿದು ಬರೋದರಿಂದ ಮೊದಲು ತುಳಿಯೋದು ಕೊನೇ ಬೈಟನ್ನ, ಅಂದ್ರೆ ಆ $ನ್ನೇ. ಅದು ಹೋದ ಮೇಲೆ ಮೆಮೊರಿಯ ಕೊನೇವರೆಗೂ ಇರೋದು ವಾಪಸ್ ವಿಳಾಸ 0108ರ ಸಾಲುಸಾಲು ಪ್ರತಿ, 08 01 08 01. ನಿಮ್ಮ ಪೈಥಾನ್ ಲೂಪ್ $ ಹುಡ್ಕೊಂಡು 65535 ದಾಟಿ 65536ಕ್ಕೆ ಕೈ ಹಾಕತ್ತೆ. ಲಿಸ್ಟ್ ಮುಗಿದಿದೆ, ಎರರ್. ಎಸ್‌ಪಿಗೆ ಬೆಲೆ ಕೊಟ್ಟರೆ ಪ್ರತಿ ಸುತ್ತಲ್ಲೂ ಅದು ಮೇಲಕ್ಕೆ ಹೋಗಿ ಕೂರತ್ತೆ, ಹಾಗಾಗಿ ಸಾವೂ ಇಲ್ಲ ಮೋಕ್ಷವೂ ಇಲ್ಲ.

ತುಂಗಾತೀರ · 10:55

ಅಯ್ಯೋ. ಮಕ್ಕಳಿಗೆ ರೆಟ್ (ವಾಪಸ್ ಹೋಗೋ ಇನ್‌ಸ್ಟ್ರಕ್ಷನ್) ಮರೀಬೇಡಿ ಅಂತ ವಾರಕ್ಕೆ ಮೂರು ಸಲ ಹೇಳೋಳು ನಾನೇ.

ಹಾಗಾದ್ರೆ ಪೈಥಾನ್ ಫಂಕ್ಷನ್ನಿನ ಕೊನೇಲಿ ಸ್ಟ್ಯಾಕಿಂದ ಎರಡು ಬೈಟ್ ತೆಗೆದು ಪಿಸಿಗೆ ಹಾಕಿದ್ರೆ ಆಯ್ತಲ್ಲ?

ಅಡಿಕೆಮೂಟೆ · 11:04

ಆಗತ್ತೆ. ಆದ್ರೆ ಅದಕ್ಕಿಂತ ಸುಲಭ ಇದೆ. 0005ರಲ್ಲಿ ಸಿ9 ಬೈಟ್ ಇಡಿ, ಅಂದ್ರೆ ರೆಟ್. ನಿಮ್ಮ ಫಂಕ್ಷನ್ ಮುದ್ರಿಸಿ ಸುಮ್ಮನಿರಲಿ, ಸಿಮ್ಯುಲೇಟರ್ ಎಂದಿನಂತೆ ಆ ಸಿ9 ಓದಿ ತಾನೇ ವಾಪಸ್ ಹೋಗತ್ತೆ. ಸ್ಟ್ಯಾಕ್ ಕೆಲಸ, ಟಿ-ಸ್ಟೇಟ್ (ಒಳಗಿನ ಗಡಿಯಾರದ ಒಂದು ಬಡಿತ) ಲೆಕ್ಕ ಎಲ್ಲ ಪ್ರೊಸೆಸರಿನದ್ದೇ ದಾರೀಲಿ ನಡೀತದೆ. ನೀವು ಒಂದು ಬೈಟ್ ಇಟ್ಟಿರಿ ಅಷ್ಟೆ.

ಗಡಿಬಿಡಿ · 11:09

ವಿಳಾಸ ಎಲ್ಲ ಯಾಕೆ ಹಿಡೀಬೇಕು? 8085ರಲ್ಲಿ ಬಳಸದೆ ಬಿಟ್ಟ ಓಪ್‌ಕೋಡ್ ಇದಾವಲ್ಲ, ಇಡಿ (ED) ಅಂತ ಒಂದಿದೆ ನೋಡಿ. ಅದನ್ನೇ "ಓಎಸ್ ಕರೆ" ಅಂತ ಮಾಡ್ಕೊಂಡ್ರೆ ಒಂದೇ ಬೈಟಲ್ಲಿ ಮುಗೀತು.

ಹಳೇಬೋರ್ಡ್ · ಭಾನುವಾರ ಬೆಳಗ್ಗೆ 6:40

ಬಳಸದೆ ಬಿಟ್ಟದ್ದಲ್ಲ ಮಾರಾಯ, ಇಂಟೆಲ್‌ನೋರು ಪುಸ್ತಕದಲ್ಲಿ ಹಾಕದೆ ಬಿಟ್ಟದ್ದು. ಅಂಥವು ಹತ್ತು. ಚಿಪ್ 1976ರದ್ದು, ಆಗಿಂದಲೂ ಅವು ಒಳಗೆ ಕೆಲಸ ಮಾಡ್ತಾನೇ ಇದಾವೆ. 08 ಕೊಟ್ರೆ ಎಚ್‌ಎಲ್‌ನಿಂದ ಬಿಸಿ ಕಳೀತದೆ. ನೀನು ಹೇಳಿದ ಇಡಿ, ಡಿಇ ತೋರಿಸೋ ವಿಳಾಸದಿಂದ ಎಚ್‌ಎಲ್ ತುಂಬ್ತದೆ. ಸಿಮ್ಯುಲೇಟರಲ್ಲಿ "ಮುದ್ರಿಸು" ಅಂತಾಗಿರೋ ಪ್ರೋಗ್ರಾಮನ್ನ ಹುಡುಗ ಕಿಟ್ಟಿಗೆ ಹೊಡೆದ ಅಂತಿಟ್ಕೊ. ಅಕ್ಷರವೂ ಬರಲ್ಲ, ಎರರೂ ಬರಲ್ಲ, ಎಚ್‌ಎಲ್ ಮಾತ್ರ ಸದ್ದಿಲ್ಲದೆ ಬದಲಾಗಿರ್ತದೆ. ಅದನ್ನ ಹುಡುಕಿ ಹಿಡಿಯೋನು ಯಾರು?

ಮೇಡಂ, ನನ್ನ ಮಾತು ಕೇಳೋದಾದ್ರೆ ಪೋರ್ಟ್ ಬಳಸಿ. 0005ರಿಂದ ಮೂರು ಬೈಟ್: ಡಿ3 01 ಸಿ9. ಔಟ್ 01, ರೆಟ್. ಒಂದನೇ ಪೋರ್ಟಿಗೆ ಔಟ್ ಬಂದ್ರೆ ಸಿಮ್ಯುಲೇಟರಿನ ಪೋರ್ಟ್ ಫಂಕ್ಷನ್ ಸಿ ರಿಜಿಸ್ಟರ್ ನೋಡಿ ಕೆಲಸ ಮಾಡ್ತದೆ. ಪ್ರೊಸೆಸರ್ ಭಾಗಕ್ಕೆ ಓಎಸ್ ಅನ್ನೋ ವಿಷಯವೇ ಗೊತ್ತಿರೋದಿಲ್ಲ, ಗೊತ್ತಿರಲೂಬಾರದು. 8080 ಕಾಲದ ಪರೀಕ್ಷಾ ಪ್ರೋಗ್ರಾಮ್‌ಗಳನ್ನ ಈಗಿನ ಸಿಮ್ಯುಲೇಟರ್‌ಗಳಲ್ಲಿ ಓಡಿಸೋರು ಸುಮಾರು ಜನ ಮಾಡೋದೂ ಇದನ್ನೇ. ಆ ಪ್ರೋಗ್ರಾಮ್‌ಗಳಿಗೆ ಬೇಕಾಗೋದು ಹೆಚ್ಚುಕಡಿಮೆ 2 ಮತ್ತು 9 ಅಷ್ಟೆ.

ಅಡಿಕೆಮೂಟೆ · 8:12

ಸರ್ ಹೇಳಿದ್ದೇ ಸರಿ. ಅದರಲ್ಲಿ ಒಂದು ಆಕಸ್ಮಿಕ ಲಾಭವೂ ಇದೆ. ನಿಜವಾದ ಸಿಪಿ/ಎಂನಲ್ಲಿ 0005ರಲ್ಲಿರೋದು ಒಂದು ಜಂಪ್. 6 ಮತ್ತು 7ರಲ್ಲಿರೋ ಅದರ ಗುರಿ ವಿಳಾಸವನ್ನ ಪ್ರೋಗ್ರಾಮ್‌ಗಳು "ನನಗೆ ಸಿಗೋ ಮೆಮೊರಿ ಇಲ್ಲಿವರೆಗೆ" ಅಂತ ಓದ್ಕೊಂಡು ಅಲ್ಲೇ ಸ್ಟ್ಯಾಕ್ ಹೂಡ್ತವೆ. ಡಿ3 01 ಸಿ9 ಇಟ್ಟರೆ 6ರಲ್ಲಿ 01, 7ರಲ್ಲಿ ಸಿ9, ಓದಿದೋರಿಗೆ ಸಿ901 ಸಿಗತ್ತೆ. ಸ್ಟ್ಯಾಕ್‌ಗೆ ಒಳ್ಳೇ ಜಾಗವೇ. ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ, ಬಿದ್ದ ಕಾಯಿ ಬುಟ್ಟಿಗೇ ಬಿತ್ತು.

ತುಂಗಾತೀರ · 9:30

ಮಾಡಿದೆ. ಶಿವಮೊಗ್ಗ ಒಂದೇ ಸಲ ಬಂತು, ನಿಂತಿತು. ಇಬ್ಬರಿಗೂ ಧನ್ಯವಾದ.

ಈಗ ಇನ್ನೊಂದು ಯೋಚನೆ. ಹೇಗೂ ಬಾಗಿಲು ತೆರೀತು, ಗುಣಿಸು, ಭಾಗಿಸು, ಡಿಲೇ, ಸಂಖ್ಯೆ ಓದು, ಸಂಖ್ಯೆ ಮುದ್ರಿಸು, ಎಲ್ಲವನ್ನೂ ಪೈಥಾನ್ ಕಡೆಯಿಂದಲೇ ಕೊಟ್ಟುಬಿಡ್ಲಾ? ಮಕ್ಕಳಿಗೂ ಸಲೀಸು.

ಹಳೇಬೋರ್ಡ್ · 10:05

ಬೇಡ ಮೇಡಂ. ಇಲ್ಲೇ ಎಡವೋದು.

ಒಂದು ಹಳೇ ಕಥೆ ಹೇಳ್ತೇನೆ. ನಾನು ಕಿಟ್ ರಿಪೇರಿ ಮಾಡ್ಕೊಂಡಿದ್ದ ಕಾಲದಲ್ಲಿ ಒಬ್ಬ ಹುಡುಗ ಕಂಪ್ಯೂಟರ್ ಮೇಲೆ ಯಾವುದೋ ಸಿಮ್ಯುಲೇಟರಲ್ಲಿ ಒಂಬತ್ತರಿಂದ ಸೊನ್ನೆವರೆಗೆ ಇಳಿಯೋ ಕೌಂಟರ್ ಬರೆದು ತಂದಿದ್ದ. ಎಣಿಕೆ ಬಿ ರಿಜಿಸ್ಟರಲ್ಲಿ, ಪ್ರತಿ ಸಲ ಎಗೆ ನಕಲು ಮಾಡಿ 036ಇ ಕರೆದು ಡಿಸ್‌ಪ್ಲೇಗೆ ಹಾಕೋದು. ಅವನ ಕಂಪ್ಯೂಟರಲ್ಲಿ 9, 8, 7 ಅಂತ ಗಡಿಯಾರದ ಹಾಗೆ. ಕಿಟ್ಟಿಗೆ ಹೊಡೆದ: 9 ಬಂತು, ಆಮೇಲೆ ಬಾಯಿಗೆ ಬಂದ ಅಂಕಿ. ಕಿಟ್ ಕೆಟ್ಟಿದೆ ಸರ್ ಅಂತ ತಂದು ಮೇಜಿನ ಮೇಲಿಟ್ಟ. ನಾನೂ ಅರ್ಧ ದಿನ ಡಿಸ್‌ಪ್ಲೇ ಕಡೆ ನೋಡ್ತಾ ಕೂತೆ, ಸೋಲ್ಡರ್ ಕಾಯಿಸಿ ಒಂದೆರಡು ಕಾಲು ಮುಟ್ಟಿಯೂ ಬಿಟ್ಟೆ.

ಕಿಟ್ ನೆಟ್ಟಗೇ ಇತ್ತು. ಇಂಟೆಲ್‌ನ ಎಸ್‌ಡಿಕೆ-85 ಕಿಟ್ಟಿನ ಮಾನಿಟರಿನಲ್ಲಿ (ಅದರ ರೋಮಲ್ಲಿರೋ ಪ್ರೋಗ್ರಾಮ್) 036ಇ ರುಟೀನ್ ತನ್ನ ಕೆಲಸಕ್ಕೆ ರಿಜಿಸ್ಟರುಗಳನ್ನ ಬಳಸ್ಕೊಂಡು ಹಾಗೇ ಬಿಟ್ಟು ಬರ್ತದೆ. ಅಷ್ಟೇ ಅಲ್ಲ, ಬಿ ರಿಜಿಸ್ಟರ್ ಅದಕ್ಕೆ ಬೇಕಾದ್ದು, ಅಂಕಿ ಪಕ್ಕ ಚುಕ್ಕಿ ಹತ್ತಬೇಕೋ ಬೇಡವೋ ಅನ್ನೋದನ್ನ ಅದರಲ್ಲಿ ಹೇಳೋದು. ಇವನು ಅದರಲ್ಲಿ ಎಣಿಕೆ ಇಟ್ಕೊಂಡಿದ್ದ. ಸಿಮ್ಯುಲೇಟರ್ ಬರೆದೋನು ಪುಣ್ಯಾತ್ಮ, ಎ ನೋಡಿ ಮುದ್ರಿಸಿ ಉಳಿದದ್ದನ್ನ ಮುಟ್ಟದೆ ಬಿಟ್ಟಿದ್ದ. ಹುಡುಗನಿಗೆ ಒಂದು ಪುಷ್ ಬಿ, ಒಂದು ಪಾಪ್ ಬಿ ಹಾಕಿ ಬಿಯನ್ನ ಸ್ಟ್ಯಾಕಲ್ಲಿ ಉಳಿಸ್ಕೊಳ್ಳೋದನ್ನ ಕಲಿಯೋ ಅವಕಾಶ ಅಲ್ಲೇ ತಪ್ಪಿಹೋಯ್ತು.

ಹಾಗಾಗಿ ನನ್ನ ಲೆಕ್ಕ: ಹೊರಗಿನ ಲೋಕ ಮುಟ್ಟೋ ಕೆಲಸ ಮಾತ್ರ, ಅಂದ್ರೆ ಪರದೆ ಮತ್ತು ಕೀಲಿ, ಪೈಥಾನಿಗೆ ಬಿಡಿ. ಉಳಿದದ್ದನ್ನ 8085 ಭಾಷೆಯಲ್ಲೇ ಬರೆದು ರೋಮ್ ಜಾಗದಲ್ಲಿ ಕೂರಿಸಿ. ಪೈಥಾನ್ ಮಾಡೋ ಆ ಎರಡು ಕೆಲಸದಲ್ಲೂ ಕಿಟ್ಟಿನ ಕೆಟ್ಟ ಗುಣ ಇರಲಿ.

ತುಂಗಾತೀರ · 10:20

ಕೆಟ್ಟ ಗುಣ ಅಂದ್ರೆ, ಬೇಕಂತಲೇ ರಿಜಿಸ್ಟರ್ ಹಾಳು ಮಾಡೋದಾ?

ಹಳೇಬೋರ್ಡ್ · 10:24

ಹೌದು. ಕೈಪಿಡಿಯಲ್ಲಿ ಉಳಿಯಲ್ಲ ಅಂತ ಬರೆದಿದ್ರೆ ಉಳೀಬಾರದು. ಫ್ಲ್ಯಾಗೂ ಅಷ್ಟೆ.

ಅಡಿಕೆಮೂಟೆ · 10:41

ಏನು ತುಂಬ್ತೀರಿ ಅನ್ನೋದೂ ಮುಖ್ಯ. ಸೊನ್ನೆ ತುಂಬಿದ್ರೆ ಕೆಲವು ತಪ್ಪು ಮುಚ್ಚಿಹೋಗತ್ತೆ, ಸೊನ್ನೆ ಅನ್ನೋದು ತುಂಬ ಸಜ್ಜನ ಸಂಖ್ಯೆ. ಪ್ರತಿ ಸಲ ಬೇರೆ ಬೇರೆ ತುಂಬಿದ್ರೆ, "ನಿನ್ನೆ ಬಂತು ಮೇಡಂ, ಇವತ್ತು ಬರಲ್ಲ" ಅಂತ ಹುಡುಗರು ನಿಮ್ಮ ತಲೆ ತಿಂತಾರೆ. ಎಎ, 55ರಂಥ ಗೊತ್ತಿರೋ ಕಸ ತುಂಬಿ. ಎಣಿಕೆ ಇರಬೇಕಾದಲ್ಲಿ ಎಎ ಕಂಡ್ರೆ ಯಾರು ತುಳಿದದ್ದು ಅಂತ ನೋಡಿದ ಕೂಡಲೇ ಗೊತ್ತಾಗತ್ತೆ.

ಮೂರನೇಸೆಮ್ · 11:15

ಮೇಡಂ ನಾನು ನಿಮ್ಮ ಕ್ಲಾಸೇ, ಹೆಸರು ಹಾಕಲ್ಲ 🙂 ಒಂದು ಡೌಟ್. ಡಿಲೇ ರುಟೀನನ್ನೂ 8085ರಲ್ಲೇ ಬರೀಬೇಕಾ? ಪೈಥಾನಲ್ಲಿ ಅರ್ಧ ಸೆಕೆಂಡ್ ಮಲಗು ಅಂದ್ರೆ ಒಂದೇ ಸಾಲು.

ಅಡಿಕೆಮೂಟೆ · 11:38

8085ರಲ್ಲೂ ಏಳೇ ಬೈಟ್ ತಮ್ಮಾ. ಡಿಇಯಿಂದ ಒಂದು ಕಳಿ, ಡಿಯನ್ನ ಎಗೆ ತಗೋ, ಇ ಜೊತೆ ಆರ್ ಮಾಡು, ಸೊನ್ನೆ ಅಲ್ಲದಿದ್ರೆ ಮೇಲಕ್ಕೆ ಹೋಗು, ಇಲ್ಲದಿದ್ರೆ ರೆಟ್. ಎಸ್‌ಡಿಕೆ-85ರಲ್ಲಿ ಡಿಲೇ ವಿಳಾಸ 05ಎಫ್1, ಅಲ್ಲೇ ಕೂರಿಸೋದಾದ್ರೆ: 1ಬಿ 7ಎ ಬಿ3 ಸಿ2 ಎಫ್1 05 ಸಿ9.

ಒಂದು ಸುತ್ತಿಗೆ 6, 4, 4, 10, ಒಟ್ಟು 24 ಟಿ-ಸ್ಟೇಟ್. ಡಿಇಯಲ್ಲಿ ಎಫ್‌ಎಫ್‌ಎಫ್‌ಎಫ್ ಕೊಟ್ರೆ 65,535 ಸುತ್ತು, ಸುಮಾರು 15.7 ಲಕ್ಷ ಟಿ-ಸ್ಟೇಟ್. ಆ ಕಿಟ್ಟಿನ ಕ್ರಿಸ್ಟಲ್ 6.144 ಮೆಗಾಹರ್ಟ್ಸ್, ಒಳಗಿನ ಗಡಿಯಾರ ಅದರರ್ಧ, 3.072. ಭಾಗಿಸಿದ್ರೆ 0.51 ಸೆಕೆಂಡ್. ಪರೀಕ್ಷೆಯಲ್ಲಿ ಕೇಳೋ ಲೆಕ್ಕವೂ ಇದೇ ಅಲ್ವಾ?

ಪೈಥಾನ್ ಮಲಗಿದ್ರೆ ಗೋಡೆ ಗಡಿಯಾರ ಅರ್ಧ ಸೆಕೆಂಡ್ ಓಡತ್ತೆ, ಸಿಮ್ಯುಲೇಟರಿನ ಟಿ-ಸ್ಟೇಟ್ ಎಣಿಕೆ ಅಲ್ಲೇ ನಿಂತಿರತ್ತೆ. ನಿಜವಾದ ಲೂಪ್ ಮುಗಿದಾಗ ಡಿಇ ಸೊನ್ನೆ, ಎ ಸೊನ್ನೆ, ಝೀರೊ ಫ್ಲ್ಯಾಗ್ 1. ಮಲಗಿ ಎದ್ದೋನಿಗೆ ಅದೆಲ್ಲ ಯಾರು ಹೇಳ್ತಾರೆ? ಒಂದೇ ಸಾಲು ಅಂತ ಶುರು ಮಾಡಿ ಆರು ಸಾಲು ಬರೀತೀಯ.

ತುಂಗಾತೀರ · ಭಾನುವಾರ ರಾತ್ರಿ 8:55

ಇವತ್ತು ಪೂರ್ತಿ ಕೂತೆ. ರೋಮ್ ಜಾಗ 0000ದಿಂದ 07ಎಫ್‌ಎಫ್, ಪ್ರೋಗ್ರಾಮ್ 2000ದಿಂದ, ಎಸ್‌ಡಿಕೆ-85ರ ಹಾಗೆ. ರೋಮಿಗೆ ಬರೆಯೋಕೆ ಹೋದ್ರೆ ಬರಹ ಬಿದ್ದುಹೋಗತ್ತೆ, ಕೆಂಪಲ್ಲಿ ಒಂದು ಎಚ್ಚರಿಕೆ ಬರತ್ತೆ. ಮೊದಲು ಈ ಕಾವಲು ಇರಲಿಲ್ಲ, ಒಬ್ಬ ಎಸ್‌ಟಿಎ 0363 (ಎಯನ್ನ ಆ ವಿಳಾಸಕ್ಕೆ ಬರಿ) ಅಂತ ಹೊಡೆದು ಡಿಸ್‌ಪ್ಲೇ ರುಟೀನನ್ನೇ ನುಂಗಿಹಾಕಿದ್ದ. 0363 ಡಿಇಯನ್ನ ನಾಲ್ಕು ಅಂಕಿಯಾಗಿ ತೋರಿಸತ್ತೆ, 036ಇ ಎಯನ್ನ ಎರಡು ಅಂಕಿಯಾಗಿ. ಎರಡೂ ಔಟ್ ಮತ್ತು ರೆಟ್ ಅಷ್ಟೆ, ಹೋಗ್ತಾ ಎಎ ತುಂಬಿ ಹೋಗ್ತವೆ.

ಹುಡುಗರ ಹಳೇ ಪ್ರೋಗ್ರಾಮ್‌ಗಳನ್ನ ಇದರ ಮೇಲೆ ಓಡಿಸಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಕಾಡೆ ಬಿದ್ದವು. ಅವೆಲ್ಲ ನಾನೇ ಟಿಕ್ ಹಾಕಿ ಅಂಕ ಕೊಟ್ಟವು.

ಸಿಕ್ಕಿಕೊಂಡಿರೋದು 02ಇ7ರಲ್ಲಿ, ಕೀಲಿ ಓದೋ ರುಟೀನ್. ಕೀಲಿ ಒತ್ತೋವರೆಗೆ ಕಾಯ್ಬೇಕು. ಪೈಥಾನ್ ಫಂಕ್ಷನ್ ಒಳಗೆ ಕಾದ್ರೆ ಕಿಟಕಿ ಪೂರ್ತಿ ಕಲ್ಲಾಗತ್ತೆ, ಕೀಪ್ಯಾಡಿನ ಗುಂಡಿಯನ್ನೇ ಒತ್ತೋಕಾಗಲ್ಲ. ಕಾಯೋದು ಕೀಲಿಗೆ, ಕಾಯ್ತಾ ಇರೋದರಿಂದಲೇ ಕೀಲಿ ಬರಲ್ಲ.

ಅಡಿಕೆಮೂಟೆ · 9:20

ಕಾಯಬೇಡಿ. ಕೀಲಿ ಇಲ್ಲದಿದ್ರೆ ಪಿಸಿಯನ್ನ ಮುಂದೆ ಸರಿಸದೆ ಹಾಗೇ ವಾಪಸ್ ಬನ್ನಿ. ಪೋರ್ಟಿಂದ ಓದೋ ಆ "ಇನ್" ಇನ್‌ಸ್ಟ್ರಕ್ಷನ್ ನಡೆದೇ ಇಲ್ಲ ಅನ್ನೋ ಹಾಗೆ. ಕಿಟಕಿ ತನ್ನ ಕೆಲಸ ನೋಡ್ಕೊಳ್ಳತ್ತೆ, ಹತ್ತಿಪ್ಪತ್ತು ಮಿಲಿಸೆಕೆಂಡ್ ಬಿಟ್ಟು ಮತ್ತೆ ಅದೇ ಇನ್ ನಡೆಸಿ ನೋಡಿ. ಮಂಡಿಯಲ್ಲಿ ಚೀಟಿ ಹಿಡ್ಕೊಂಡು ನಿಂತ ಹಾಗೆ: ಹೆಸರು ಕೂಗಿಲ್ಲ ಅಂದ್ರೆ ಸರದಿ ಬಿಡಬೇಡಿ, ಕಿಟಕಿಗೆ ಅಡ್ಡವೂ ನಿಲ್ಲಬೇಡಿ.

ಆ ಮಿಲಿಸೆಕೆಂಡ್ ಬಿಡೋದನ್ನ ಮರೀಬೇಡಿ. ನಾನು ಒಂದ್ಸಲ ಮರೆತು ಸುಮ್ಮನೆ ಕೇಳ್ತಾ ಕೂರೋ ಲೂಪ್ ಇಟ್ಟಿದ್ದೆ. ಲ್ಯಾಪ್‌ಟಾಪ್ ಫ್ಯಾನ್ ರೈಸ್‌ಮಿಲ್ ಹಾಗೆ ಕೂಗ್ತಿತ್ತು. ಇಲ್ಲಿ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬ್ಕೊಂಡು ಕೂರೋ ಹಾಗಿಲ್ಲ, ಬ್ಯಾಟರಿ ಒಂದು ಗಂಟೆಯೊಳಗೆ ನೆಲ ಕಚ್ಚಿತು. ಏನೂ ಮಾಡದೆ ಕಾಯೋ ಪ್ರೋಗ್ರಾಮ್ ಅಷ್ಟು ತಿಂದಿತ್ತು.

ಹಳೇಬೋರ್ಡ್ · 9:33

ಕಿಟ್ಟಿನಲ್ಲಿ ಕೀಪ್ಯಾಡು 8279 ಚಿಪ್ಪಿನ ಮೂಲಕ ಆರ್‌ಎಸ್‌ಟಿ 5.5 ಅನ್ನೋ ಇಂಟರಪ್ಟ್‌ಗೆ ಸೇರಿದೆ. ಸಿಮ್ ಇನ್‌ಸ್ಟ್ರಕ್ಷನ್ ಕೊಟ್ಟು ಅದರ ಮಾಸ್ಕ್ (ತಡೆ) ತೆಗೆಯದೆ 02ಇ7 ಕರೆದ್ರೆ ಕಿಟ್ ಕೂತಲ್ಲೇ ಕೂರ್ತದೆ, ಎಷ್ಟು ಒತ್ತಿದ್ರೂ ಇಲ್ಲ. ನಿಮ್ಮ ಸಿಮ್ಯುಲೇಟರೂ ಹಾಗೇ ಕೂರ್ಲಿ. ಬೇಕಿದ್ರೆ ಮೂಲೇಲಿ "5.5 ಮುಚ್ಚಿದೆ" ಅಂತ ಒಂದು ಸಣ್ಣ ದೀಪ ಇಡಿ. ನಮ್ಮ ಕಾಲದಲ್ಲಿ ಆ ದೀಪವೂ ಇರಲಿಲ್ಲ.

ಗಡಿಬಿಡಿ · 9:40

2000 ಇಸವಿ ದಾಟಿ ಇಷ್ಟು ವರ್ಷ ಆಯ್ತು, ಇನ್ನೂ 8085, ಸಿಪಿ/ಎಂ. ರಿಸ್ಕ್-ಫೈವ್ ಪ್ರೊಸೆಸರ್ ಕಲಿಸಿ ಮೇಡಂ, ಅದರಲ್ಲಿ ಓಎಸ್ ಕರೆಯೋಕೆ ಇಕಾಲ್ ಅಂತ ಇನ್‌ಸ್ಟ್ರಕ್ಷನ್ನೇ ಇದೆ. ವಿಳಾಸ ಹಿಡಿಯೋದು, ಪೋರ್ಟ್ ಹಿಡಿಯೋದು, ಈ ಗೋಳೇ ಇಲ್ಲ.

ಅಡಿಕೆಮೂಟೆ · 10:25

ಗೋಳು ಇಲ್ಲ ಅಂದೋರು ಯಾರು? ನನ್ನ ಹೊಟ್ಟೆಪಾಡೇ ಅದು.

ಬಾಗಿಲು ಚಂದ ಇದೆ, ಒಪ್ತೇನೆ. ಎ7ರಲ್ಲಿ ಸಂಖ್ಯೆ, ಎ0ಯಿಂದ ಮುಂದಕ್ಕೆ ಕೊಡಬೇಕಾದ್ದು, ಇಕಾಲ್. ಲಿನಕ್ಸ್ ಪದ್ಧತೀಲಿ 63 ಓದು, 64 ಬರಿ, 93 ಮುಗಿಸು. ಮಿಪ್ಸ್ ಪ್ರೊಸೆಸರ್ ಕಲಿಸೋಕೆ ಜೇಮ್ಸ್ ಲಾರಸ್ ಬರೆದ ಸ್ಪಿಮ್ ಸಿಮ್ಯುಲೇಟರಲ್ಲೂ ಇದೇ ಥರ, ವಿ0ಯಲ್ಲಿ 1 ಇಟ್ಟು ಸಿಸ್ಕಾಲ್ ಅಂದ್ರೆ ಸಂಖ್ಯೆ ಮುದ್ರಣ, 4 ಅಂದ್ರೆ ಪದ, 10 ಅಂದ್ರೆ ಮುಗಿಸು. ಕಲಿಯೋರಿಗೆ ಸಲೀಸು. ತಕರಾರು ಶುರುವಾಗೋದು ಫೈಲ್ ಬಂದಾಗ.

ನಾನು ಹಿಂದೆ ಇದ್ದ ಒಂದು ಕಡೆ ಸಿಮ್ಯುಲೇಟರಿನ ಫೈಲ್ ತೆರೆಯೋ ಕರೆಯನ್ನ ಬಂದ ಹಾಗೇ ಆತಿಥೇಯ ಲಿನಕ್ಸ್‌ಗೆ ದಾಟಿಸಿದ್ದರು. ಒಳಗೆ ಓಡ್ತಿದ್ದ ಪ್ರೋಗ್ರಾಮನ್ನ ಕಟ್ಟಿದ್ದು ನ್ಯೂಲಿಬ್ ಲೈಬ್ರರಿ ಜೊತೆ. ಅದು ಒಂದು ಲಾಗ್ ಫೈಲ್ ತೆರೆಯೋವಾಗ "ಇಲ್ಲದಿದ್ರೆ ಹೊಸದು ಮಾಡು" ಅಂತ ಹೇಳ್ತಿತ್ತು. ನ್ಯೂಲಿಬ್‌ನಲ್ಲಿ ಆ ಮಾತಿಗೆ ಇರೋ ಸಂಖ್ಯೆ 512. ಲಿನಕ್ಸಿನಲ್ಲಿ "ಹೊಸದು ಮಾಡು" ಅಂದ್ರೆ 64. ಹಾಗಾದ್ರೆ 512 ಅಂದ್ರೆ? "ಇರೋದನ್ನ ಪೂರ್ತಿ ಅಳಿಸು". ದಿನಾ ರಾತ್ರಿ ಪರೀಕ್ಷೆ ಓಡ್ತಿತ್ತು, ದಿನಾ ಬೆಳಗ್ಗೆ ಲಾಗ್ ಸ್ವಚ್ಛ. ಎರರೇ ಇಲ್ಲವಲ್ಲ, ಎಲ್ಲ ಪಾಸಾಗಿದೆ ಅಂತ ನಾವು ನಾಲ್ಕು ಜನ ಎರಡು ವಾರ ಖುಷಿಯಾಗಿದ್ವಿ.

ಅವತ್ತಿಂದ ಎರಡು ಪದ್ಧತಿ ಇಟ್ಕೊಂಡಿದ್ದೇನೆ. ಒಳಗಿನ ಸಂಖ್ಯೆಯನ್ನ ಹೊರಗಿನ ಸಂಖ್ಯೆಗೆ ಪಟ್ಟಿ ಇಟ್ಟು ಬದಲಿಸದೆ ದಾಟಿಸಲ್ಲ. ಆ ಪ್ರೋಗ್ರಾಮಿಗೆ ಅಂತ ಒಂದು ಫೋಲ್ಡರ್ ಕೊಟ್ಟು ಅದರಾಚೆ ಯಾವ ಫೈಲನ್ನೂ ಮುಟ್ಟೋಕೆ ಬಿಡಲ್ಲ. ಮೇಡಂ, ನೀವು ಮುಂದೆ ಫೈಲ್ ಸೇರಿಸೋದಾದ್ರೆ ಮರೀಬೇಡಿ, ನಿಮ್ಮ ಅಂಕಪಟ್ಟಿ ಇರೋದೂ ಅದೇ ಕಂಪ್ಯೂಟರಲ್ಲೇ.

ತುಂಗಾತೀರ · 10:31

ಫೈಲ್ ಸುದ್ದಿಗೇ ಹೋಗಲ್ಲ. ಗಡಿಬಿಡಿಯವರೇ, ಸಿಲೆಬಸ್‌ನಲ್ಲಿ 8085 ಇದೆ, ಮಾಡಿಸ್ತೇನೆ. ಹನ್ನೆರಡು ಕಿಟ್ ಬಿಸಾಡೋಕೆ ಕೈ ಬರೋದಿಲ್ಲ ಅನ್ನೋದೂ ನಿಜ.

ಮೂರನೇಸೆಮ್ · ಬುಧವಾರ ಸಂಜೆ 5:45

ಮೇಡಂ, ಹೊಸ ಸಿಮ್ಯುಲೇಟರಲ್ಲಿ ಟರ್ಮಿನಲ್ ಕಿಟಕೀನೂ ಇದೆಯಲ್ಲ, 0005 ಕರೆದು ಕನ್ನಡ ಬರತ್ತಾ ನೋಡೋಣ ಅಂತ ಅಸೆಂಬ್ಲರಲ್ಲಿ "ಶಿವಮೊಗ್ಗ$" ಅಂತ ಕನ್ನಡದಲ್ಲೇ ಹೊಡೆದೆ. ಬಂದಿದ್ದು ಇದು:

`26`2?`25`2.`3

ಆಮೇಲೆ ಸಾಲು ಮುರಿದು ಕೆಳಗೆ `2`3 ಅಂತ. ಬೇರೆ ಊರಿನ ಹೆಸರು ಹಾಕಿದ್ರೂ ಇದೇ ಥರ ಕಸ.

ಅಡಿಕೆಮೂಟೆ · 6:30

ಇದು ಚಂದ ಇದೆ, ಇದನ್ನ ಬೋರ್ಡ್ ಮೇಲೆ ಬರೆದು ಪಾಠ ಮಾಡ್ಬಹುದು.

ನಿನ್ನ ಫೈಲ್ ಯುಟಿಎಫ್-8, ಅಂದ್ರೆ ಅಕ್ಷರಗಳನ್ನ ಬೈಟ್‌ಗಳಾಗಿ ಬರೆಯೋ ಒಂದು ಪದ್ಧತಿ. ಅದರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಶಿವಮೊಗ್ಗ ಅಂದ್ರೆ ಶ, ಗುಡಿಸು, ವ, ಮ, ಒತ್ವ, ಗ, ವಿರಾಮ, ಗ: ಎಂಟು ಚಿಹ್ನೆ, 24 ಬೈಟ್. ಶ ಅಂದ್ರೆ ಇ0 ಬಿ2 ಬಿ6. ಎಲ್ಲೋ ಒಂದು ಕಡೆ ಪ್ರತಿ ಬೈಟಿನ ಎಂಟನೇ ಬಿಟ್ ಕತ್ತರಿಸ್ತಾ ಇದಾರೆ. ಇ0ಯಿಂದ ಅದನ್ನ ತೆಗೆದ್ರೆ 60, ಅದು ` ಚಿಹ್ನೆ. ಬಿ2 ಹೋಗಿ 32, ಅಂದ್ರೆ ಅಂಕಿ 2. ಬಿ6 ಹೋಗಿ 36, ಅಂಕಿ 6. ನಿನ್ನ ಶ `26 ಆಯ್ತು.

ಸಾಲು ಮುರಿದದ್ದು ಒತ್ವದಲ್ಲಿ. ಅದರ ಮೂರನೇ ಬೈಟ್ 8ಎ, ಎಂಟನೇ ಬಿಟ್ ಹೋದ್ರೆ 0ಎ, ಹೊಸ ಸಾಲು. ವಿರಾಮದ ಕೊನೇ ಬೈಟ್ 8ಡಿ, ಅದು 0ಡಿ ಆಗಿ ಕರ್ಸರನ್ನ ಸಾಲಿನ ಮೊದಲಿಗೆ ಎಳ್ಕೊಂಡು ಹೋಯ್ತು. ಹಾಗಾಗಿ ಕೊನೇ ಗ ಹಿಂದಿನ ಗದ ಮೇಲೇ ಬಂದು ಕೂತಿದೆ. ಒತ್ತಕ್ಷರ ಬೇಕಂದಿದ್ದಕ್ಕೆ ನಿಜವಾಗ್ಲೂ ಒತ್ತಿಬಿಟ್ಟಿದೆ.

ತುಂಗಾತೀರ · 7:15

ಕತ್ತರಿಸಿದೋಳು ನಾನೇ. ಆಸ್ಕಿ ಏಳೇ ಬಿಟ್ ಅಂತ ಮುದ್ರಿಸೋ ಮೊದಲು 7ಎಫ್ ಜೊತೆ ಆಂಡ್ ಮಾಡಿದ್ದೆ. ಈಗ ತೆಗೆದೆ. ಆದ್ರೂ ಕನ್ನಡ ಬರ್ತಿಲ್ಲ, ತಲೆ ಮೇಲೆ ಗೆರೆ ಇರೋ ಯಾವುದೋ ಯುರೋಪಿನ ಅಕ್ಷರ ಬರ್ತಿವೆ.

ಅಡಿಕೆಮೂಟೆ · 7:22

ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಮುದ್ರಿಸ್ತಿದೀರಿ. ಮೂರು ಸೇರೋವರೆಗೆ ತಡೀಬೇಕು. ಪೈಥಾನಿನ ಕೋಡೆಕ್ಸ್‌ನಲ್ಲಿ ಇನ್‌ಕ್ರಿಮೆಂಟಲ್ ಡೀಕೋಡರ್ ಅಂತಿದೆ. ಬೈಟ್ ಒಂದೊಂದೇ ಹಾಕ್ತಾ ಹೋಗಿ, ಅಕ್ಷರ ಪೂರ್ತಿಯಾದಾಗ ಅದೇ ಕೊಡತ್ತೆ, ಅಲ್ಲಿವರೆಗೆ ಖಾಲಿ. ಡೀಕೋಡರನ್ನ ಒಂದೇ ಸಲ ಮಾಡಿಟ್ಕೊಳ್ಳಿ, ಪ್ರತಿ ಕರೆಗೂ ಹೊಸದು ಮಾಡಿದ್ರೆ ಅದಕ್ಕೆ ಹಿಂದಿನ ಬೈಟ್ ನೆನಪಿರಲ್ಲ. $ ಬಗ್ಗೆ ಹೆದರಬೇಡಿ. ಅದು 24 ಹೆಕ್ಸ್, ಕನ್ನಡದ ಬೈಟ್ ಎಲ್ಲ 80 ಇಲ್ಲವೇ ಅದಕ್ಕಿಂತ ಮೇಲೆ, ನಡುವೆ ತಪ್ಪಿಯೂ ಬರಲ್ಲ.

ತುಂಗಾತೀರ · 8:05

ಬಂತು! ವಿರಾಮ, ಒತ್ತು ಎಲ್ಲ ಸಮೇತ. 1976ರ ಚಿಪ್ಪಿನ ಮೇಲೆ ಶಿವಮೊಗ್ಗ ಅಂತ ಕನ್ನಡದಲ್ಲಿ. ಚಿಪ್ಪಿಗೆ ಅದು 24 ಬೈಟ್ ಅಷ್ಟೆ ಅಂತ ಗೊತ್ತು, ಆದ್ರೂ ಮನೆಯೋರನ್ನೆಲ್ಲ ಕರೆದು ತೋರಿಸಿದೆ.

ಕೊನೇದೊಂದು. ಇವತ್ತು ಲ್ಯಾಬಿನಲ್ಲಿ ಸರಿಯಿರೋ ಐದೂ ಕಿಟ್ ಪರೀಕ್ಷೆ ಮಾಡಿದೆ. ಮೂರರಲ್ಲಿ 036ಇ ಕರೆದ್ರೆ ಅಂಕಿ ಬರತ್ತೆ. ಇನ್ನೆರಡು ಬೇರೆ ತಯಾರಿಕೆ, ಅಲ್ಲಿ ಆ ವಿಳಾಸದಲ್ಲಿ ಬೇರೇನೋ ಇದೆ, ಕರೆದ್ರೆ ಕಿಟ್ ರೀಸೆಟ್ ಆಗತ್ತೆ. ಕೈಪಿಡಿ ಯಾವತ್ತೋ ಕಳೆದಿದೆ. ಸಿಮ್ಯುಲೇಟರಲ್ಲಿ ವಿಳಾಸಗಳನ್ನ ಒಂದು ಪ್ರತ್ಯೇಕ ಫೈಲಲ್ಲಿ ಇಟ್ಟು ಕಿಟ್ ಆರಿಸ್ಕೊಳ್ಳೋ ಹಾಗೆ ಮಾಡ್ತೇನೆ, ಆದ್ರೆ ಆ ಎರಡರ ವಿಳಾಸ ಬೇಕಲ್ಲ.

ಗಡಿಬಿಡಿ · 8:11

ಇಪ್ರಾಮ್ (ಕಿಟ್ಟಿನ ರೋಮ್ ಚಿಪ್) ಕಿತ್ತು ಓದಿ ಅದನ್ನೇ ಸಿಮ್ಯುಲೇಟರಿಗೆ ಹಾಕಿ!

ಅಡಿಕೆಮೂಟೆ · 8:19

ಹಾಕಿದ್ರೆ 8279ನ್ನೂ ಪೂರ್ತಿ ಬರೀಬೇಕಾಗತ್ತೆ, ಆ ರುಟೀನ್‌ಗಳು ಮಾತಾಡೋದು ಅದರ ಜೊತೆ. ಒಳ್ಳೇ ಕೆಲಸವೇ, ದೀಪಾವಳಿ ರಜೆಗೆ ಇಟ್ಕೊಳ್ಳಿ. ರೋಮ್ ಫೈಲನ್ನ ಮಾತ್ರ ಇಲ್ಲಿ ಹಂಚಬೇಡಿ, ಅದು ಕಿಟ್ ಮಾಡಿದೋರ ಸೊತ್ತು.

ಹಳೇಬೋರ್ಡ್ · 8:50

ಮೇಡಂ, ಆ ಎರಡು ಕಿಟ್ಟಿನ ಕೀಪ್ಯಾಡ್ ಕೆಳಗೆ ಹಸಿರು ಬಣ್ಣದ ಸ್ಟಿಕರ್ ಇದ್ಯಾ ನೋಡಿ. ಇದ್ರೆ ಅದರ ಕೈಪಿಡಿಯ ಜೆರಾಕ್ಸ್ ನನ್ನ ಹತ್ರ ಅಟ್ಟದ ಮೇಲಿರಬೇಕು, ಗೆದ್ದಲು ಬಿಟ್ಟಿದ್ರೆ.

ತುಂಗಾತೀರ · 8:53

ಇದೆ ಸರ್! ಹಸಿರು, ಅರ್ಧ ಕಿತ್ತಿದೆ.

ಹಳೇಬೋರ್ಡ್ · 9:40

ಸಿಕ್ತು. ಮೊದಲ ನಾಲ್ಕು ಪುಟ ಗೆದ್ದಲಿಗೆ ಹೋಗಿದೆ, ರುಟೀನ್ ಪಟ್ಟಿ ಇರೋ ಹಾಳೆ ಹಾಗೇ ಇದೆ. ಫೋಟೊದಲ್ಲಿ 3 ಯಾವುದು 8 ಯಾವುದು ಗೊತ್ತಾಗ್ತಿಲ್ಲ, ಶಾಯಿ ಹರಡಿದೆ. ನಾಳೆ ಬೆಳಗ್ಗೆ ಏಳೂವರೆ ಬಸ್ಸಿಗೆ ಡ್ರೈವರ್ ಹತ್ರ ಕೊಟ್ಟು ಕಳಿಸ್ತೇನೆ, ಒಂಬತ್ತೂವರೆ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಯಾರನ್ನಾದ್ರೂ ಕಳಿಸಿ. ಎರಡು ಪ್ಲಾಸ್ಟಿಕ್ ಕವರ್ ಸುತ್ತಿರ್ತೇನೆ, ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ.

ಮೂರನೇಸೆಮ್ · 9:44

ನಾನು ಹೋಗ್ತೇನೆ ಮೇಡಂ. ಮೊದಲ ಪೀರಿಯಡ್ ಅಟೆಂಡೆನ್ಸ್ ಕೊಡ್ತೀರಲ್ಲ?